ಆಮೆಗೆ ದಾರಿ, ಸಿಗಡಿಗೆ ಮಾರುಕಟ್ಟೆ

ಅಂತರರಾಷ್ಟ್ರೀಯ ವ್ಯಾಪಾರ ನೀತಿಯು ದಿಲ್ಲಿ ಮತ್ತು ಜಿನೀವಾಗಳ ಅಧಿಕಾರಿಗಳ ವಿಷಯವೆಂಬ ಭಾವನೆ ನಮ್ಮ ವರ್ತಕ ಬಾಂಧವರಲ್ಲಿ ಬೇರೂರಿದೆ. ಚೆಂಡಿಯಾ ಸಮೀಪದ ಮುದಗಾ, ಕಾರವಾರದ ಬೈತಖೋಲ, ಅಂಕೋಲೆಯ ಬೇಲೆಕೇರಿಗಳಲ್ಲಿ ಸಿಗಡಿ ಖರೀದಿಸುವವರಿಗೆ ಈ ನಿಶ್ಚಿಂತೆ ಸಲ್ಲದು. ಕಡಲಾಮೆಗಳ ರಕ್ಷಣೆಯ ಕಾರಣ ನೀಡಿ ಅಮೆರಿಕವು 2018ರಲ್ಲಿ ಭಾರತದ ಸಮುದ್ರ ಸಿಗಡಿಯ ಆಮದನ್ನು ನಿಷೇಧಿಸಿತು. ಕೊಳಗಳಲ್ಲಿ ಸಾಕಿದ ಸಿಗಡಿಗೆ ಆ ನಿಷೇಧ ತಟ್ಟಲಿಲ್ಲ. ಪೆಟ್ಟು ಬಿದ್ದದ್ದು ನಮ್ಮಂಥ ಟ್ರಾಲರ್ ಬಂದರುಗಳಿಗೆ.

ಈ ವಿವಾದ ಹಳೆಯದು. 1989ರ ಅಮೆರಿಕದ ಕಾನೂನನ್ನು 1996ರಲ್ಲಿ ಎಲ್ಲ ದೇಶಗಳಿಗೂ ವಿಸ್ತರಿಸಿದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಒಟ್ಟಾಗಿ ವಿಶ್ವ ವ್ಯಾಪಾರ ಸಂಘಟನೆಯ ಮೊರೆ ಹೋದವು. (ಭಾರತ-ಪಾಕಿಸ್ತಾನಗಳು ಒಂದೇ ಪಕ್ಷದಲ್ಲಿ ನಿಂತ ಅಪರೂಪದ ಪ್ರಸಂಗವಿದು.) ಕೆರಿಬಿಯನ್ ಪ್ರದೇಶದ ದೇಶಗಳಿಗೆ ಮೂರು ವರ್ಷಗಳ ಕಾಲಾವಕಾಶ, ಏಷ್ಯಾದವರಿಗೆ ನಾಲ್ಕೇ ತಿಂಗಳು, ಇದು ತಾರತಮ್ಯವೆಂದು 1998ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಪೀಠ ತೀರ್ಪಿತ್ತಿತು. ಆದರೆ ಆಮೆಯ ರಕ್ಷಣೆಗಾಗಿ ಆಮದು ನಿರ್ಬಂಧಿಸುವುದೇ ತಪ್ಪೆಂದು ಅದು ಹೇಳಲಿಲ್ಲ. ಅಮೆರಿಕ ನಿಯಮಗಳನ್ನು ತಿದ್ದಿಕೊಂಡಿತು. 2001ರಲ್ಲಿ ಮಲೇಷ್ಯಾದ ಮರು ಆಕ್ಷೇಪಣೆ ಬಿದ್ದುಹೋಯಿತು. ನ್ಯಾಯಾಲಯದ ದಾರಿ ಅಲ್ಲಿಗೆ ಮುಗಿದಂತೆಯೇ ಸರಿ.

ಇನ್ನುಳಿದದ್ದು ಬಲೆಯ ದಾರಿ. ಬಲೆಯೊಳಗೆ ಓರೆಯಾಗಿ ಕೂರಿಸುವ ಲೋಹದ ಜಾಲರಿಯ ಸಂದಿನಿಂದ ಸಿಗಡಿ ಹಿಂದಿನ ಚೀಲಕ್ಕೆ ಹೋಗುತ್ತದೆ. ಆಮೆ ಜಾಲರಿಗೆ ತಾಗಿ ಕಿಂಡಿಯಿಂದ ಹೊರಬೀಳುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೋಣಿಗಳಿಗೆ ಹೊಂದುವಂಥದನ್ನು ರೂಪಿಸಿದೆ. ಹಾಗಿದ್ದೂ ಅದು ಬಳಕೆಗೆ ಬಾರದಿರಲು ಹಟವೊಂದೇ ಕಾರಣವಲ್ಲ. ಅಮೆರಿಕವು ಮುಖ್ಯವಾಗಿ ಮಾನ್ಯತೆ ನೀಡುವುದು ದೇಶಕ್ಕೆ, ದೋಣಿಗಲ್ಲ. ಮುದಗಾದ ಒಬ್ಬ ಮಾಲೀಕ ಕಿಂಡಿ ಇಟ್ಟರೆ ಜಾಲರಿಯ ಖರ್ಚೂ ಮೀನು ತಪ್ಪುವ ಭಯವೂ ಅವನದೇ. ಉಳಿದವರು ಇಡದಿದ್ದರೆ ಮಾರುಕಟ್ಟೆ ಮಾತ್ರ ತೆರೆಯದು. ಅವನು ಹಿಂಜರಿಯುವುದು ಸಹಜ. ದೋಣಿಯವರನ್ನು ದೂರಿ ನಾವು ಕೈತೊಳೆದುಕೊಳ್ಳುವುದು ಮಾತ್ರ ಸರಿಯಲ್ಲ.

ಸಿಗಡಿಯಿಂದ ಲಾಭ ಪಡೆಯುವವರಲ್ಲಿ ಮಂಜುಗಡ್ಡೆ ಕಾರ್ಖಾನೆಯವರು, ಸಂಸ್ಕರಣಾ ಘಟಕದವರು, ಲಾರಿಯವರು, ರಫ್ತುದಾರರು ಎಲ್ಲರೂ ಇದ್ದಾರೆ. ಜಾಲರಿಯ ವೆಚ್ಚದಲ್ಲಿ ಇವರೂ ಪಾಲು ಹೊರುವ ನಿಧಿಯೊಂದನ್ನು ವಾಣಿಜ್ಯ ಮಂಡಳಿ ಸ್ಥಾಪಿಸಬೇಕು. ಕಾಳಿ ನದಿಯ ಆಚೆ ಗೋವಾ ಹತ್ತಿರದಲ್ಲೇ ಇದೆ. ಅಲ್ಲಿಯ ದೋಣಿಯವರ ಒಪ್ಪಿಗೆಯೂ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಂತು ಬಲೆಗಳ ದುರಸ್ತಿ ನಡೆಯುವ ಕಾಲವೇ ಜಾಲರಿ ಜೋಡಿಸಲು ತಕ್ಕ ಕಾಲ. ಆದ್ದರಿಂದ ಎರಡೂ ಕಡೆಯ ಮೀನುಗಾರ ಸಂಘಗಳ ಸಭೆಯನ್ನು ಮಂಡಳಿಯು ಮೇ ತಿಂಗಳೊಳಗೆ ಕರೆಯಲಿ.