ಭಂಡಾರದೊಳಗಿನ ಭಂಡಾರ

ಗಣಕದ ಪ್ರೋಗ್ರಾಮುಗಳನ್ನು ಇಂದು ಯಾರೂ ಆದ್ಯಂತವಾಗಿ ತಾವೇ ಬರೆಯುವುದಿಲ್ಲ. ಒಬ್ಬರು ಬರೆದುದನ್ನು ಇನ್ನೊಬ್ಬರು ಬಳಸುತ್ತಾರೆ, ಅವರದನ್ನು ಮತ್ತೊಬ್ಬರು. ಸಾಲ ತರುವುದು ತಪ್ಪಲ್ಲ; ಆದರೆ ಅದಕ್ಕೆ ಲೆಕ್ಕವಿಡಬೇಡವೆ?

2016ರ ಮಾರ್ಚ್ ತಿಂಗಳಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ 11 ಸಾಲುಗಳ ಪುಟ್ಟ ಪ್ರೋಗ್ರಾಮನ್ನು ಅದರ ಕರ್ತೃವು ಎನ್‌ಪಿಎಂ ಎಂಬ ಸಾರ್ವಜನಿಕ ಸಂಗ್ರಹದಿಂದ ಹಿಂತೆಗೆದುಕೊಂಡರು. ಪದದ ಎಡಬದಿಯ ಖಾಲಿ ಜಾಗವನ್ನು ತುಂಬುವುದಷ್ಟೇ ಅದರ ಕೆಲಸ. ಆದರೂ ಅದರ ಹೆಸರನ್ನೇ ಕೇಳದಿದ್ದ ಎಷ್ಟೋ ಮಂದಿಯ ಪ್ರೋಗ್ರಾಮುಗಳನ್ನು ಹೊಸದಾಗಿ ಕಟ್ಟುವ ಕೆಲಸ ಆಗ ನಿಂತುಹೋಯಿತು. ಅವರು ಬಳಸಿದುದರೊಳಗೆ, ಅದರೊಳಗಿನದರೊಳಗೆ, ಅದು ಅಡಗಿತ್ತು!

ಇಂಥ ಸಂಬಂಧಗಳ ಲೆಕ್ಕವಿಡಲು 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ‘ಗಿಟ್’ ವ್ಯವಸ್ಥೆಯಲ್ಲಿ ಒಂದು ಉಪಾಯವುಂಟು. ಪ್ರೋಗ್ರಾಮಿನ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸುವ ಸಂಗ್ರಹಕ್ಕೆ ಭಂಡಾರವೆನ್ನೋಣ. ಒಂದರೊಳಗೆ ಇನ್ನೊಂದನ್ನು ‘ಸಬ್‌ಮಾಡ್ಯೂಲ್’ ಆಗಿ ಇರಿಸಿದಾಗ, ಹೊರಭಂಡಾರವು ಒಳಗಿನದರ ವಿಳಾಸವನ್ನೂ, ಅದರ ಒಂದು ನಿರ್ದಿಷ್ಟ ಸ್ಥಿತಿಯ ಗುರುತನ್ನೂ ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಈ ಗುರುತು ಸಾಮಾನ್ಯವಾಗಿ 40 ಅಕ್ಷರಗಳದು. ಒಳಗಿನ ಭಂಡಾರವು ಎಷ್ಟೇ ಮುಂದುವರಿಯಲಿ, ನಾವು ಗುರುತನ್ನು ತಿದ್ದುವವರೆಗೆ ನಮ್ಮ ಪಾಲಿಗೆ ಅದು ಇದ್ದಂತೆಯೇ ಇರುತ್ತದೆ.

ಇದು ತೊಡಕಿನ ಕ್ರಮವೆಂದು ಗೊಣಗುವವರುಂಟು. ಹೊರಭಂಡಾರದ ನಕಲು ತಂದರೆ ಒಳಗಿನ ಜಾಗ ಬರಿದಾಗಿರುತ್ತದೆ. ಅದನ್ನು ಬೇರೆಯಾಗಿ ಕೇಳಿ ತರಿಸಬೇಕು. ಪ್ರತಿ ಸಲವೂ ಹೊಸ ಗುರುತನ್ನು ದಾಖಲಿಸಬೇಕು. ಆದರೆ ನಮ್ಮ ಅಭಿಪ್ರಾಯದಲ್ಲಿ ಈ ತೊಡಕೇ ಅದರ ಗುಣ. ಪರರ ಬದಲಾವಣೆಯು ನಮ್ಮ ಒಪ್ಪಿಗೆಯಿಲ್ಲದೆ ನಮ್ಮ ಮನೆಯೊಳಕ್ಕೆ ಬಾರದು.

ಹಾಗೆಂದು ಗುರುತು ಬರೆದಿಟ್ಟು ನಿಶ್ಚಿಂತರಾಗುವಂತಿಲ್ಲ. ವಿಳಾಸದಲ್ಲಿದ್ದ ಭಂಡಾರವೇ ಮಾಯವಾದರೆ ಬರಿಯ ಗುರುತಿನಿಂದ ಫಲವೇನು? ಆದುದರಿಂದ ನಮ್ಮಲ್ಲಿಯೂ ಒಂದು ಪ್ರತಿ ಇರತಕ್ಕದ್ದು. ಇನ್ನೊಂದು ಅಪಾಯವು ಮರೆವಿನದು. 2021ರ ಡಿಸೆಂಬರಿನಲ್ಲಿ ‘ಲಾಗ್‌ಫೋರ್‌ಜೆ’ ಎಂಬ ಬಹುಬಳಕೆಯ ಪ್ರೋಗ್ರಾಮಿನಲ್ಲಿ ಘೋರವಾದ ದೋಷವೊಂದು ಬಯಲಾಯಿತು. ಪರಿಹಾರವೇನೋ ಬೇಗನೆ ದೊರೆಯಿತು. ಆದರೆ ಅದು ತಮ್ಮಲ್ಲಿ ಎಲ್ಲಿ ಹುದುಗಿದೆಯೆಂದು ಹುಡುಕುವುದೇ ಅನೇಕ ಸಂಸ್ಥೆಗಳಿಗೆ ದೊಡ್ಡ ಕೆಲಸವಾಯಿತು.

ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟೆ: ತಂದುದನ್ನು ಗುರುತಿಸಿಡಿರಿ, ಅದರ ಪ್ರತಿಯೊಂದನ್ನು ಕಾಪಾಡಿರಿ, ಆಗಾಗ ತೆರೆದು ನೋಡಿ ತಿದ್ದಿರಿ. ಹನ್ನೊಂದೇ ಸಾಲುಗಳಾದರೆ, ನೀವೇ ಬರೆಯಬಾರದೇಕೆ?