‘ಮಾರಿದ ಮಾಲು ವಾಪಸಿಲ್ಲ’: ಬೋರ್ಡು ಹಾಕಿದರೆ ಮುಗಿಯಿತೆ?

ಭೇರ್ಯ: ಕೆ.ಆರ್. ನಗರದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ಈ ಊರಿನಲ್ಲಿ ವ್ಯಾಪಾರವೆಂದರೆ ಮುಖ ನೋಡಿ ನಡೆಯುವಂಥದ್ದು. ಇವತ್ತು ಜಗಳವಾಡಿದ ಗಿರಾಕಿ ನಾಳೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಕೂತಿರುತ್ತಾನೆ. ಆದರೂ ಒಂದು ಜಗಳ ಮಾತ್ರ ತಪ್ಪಿದ್ದಲ್ಲ.

“ಅಣ್ಣಾ, ಮೊನ್ನೆ ತಗೊಂಡೋದ ಮಿಕ್ಸಿ ತಿರುಗ್ತಾನೇ ಇಲ್ಲ. ದುಡ್ಡು ವಾಪಸ್ ಕೊಡಿ.”

“ನಾನೇನ್ ಮಾಡ್ಲವ್ವ, ಕಂಪ್ನಿಯೋರನ್ನ ಕೇಳಿ. ಬಿಲ್ಲಲ್ಲೇ ಬರ್ದೈತಲ್ಲ!”

ಬಿಲ್ಲಿನಲ್ಲಿ ಬರೆದಿರುವುದು ‘ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಸಾಲು. ಈ ಸಾಲಿಗೆ ಬೆಲೆ ಎಷ್ಟು?

ಮಾಲೇ ಕೆಟ್ಟಿದ್ದರೆ ಕವಡೆ ಕಿಮ್ಮತ್ತೂ ಇಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಗಡುವು ನಮೂದಿಸಿದ್ದರೆ ಆ ಗಡುವಿನೊಳಗೆ, ಇಲ್ಲದಿದ್ದರೆ 30 ದಿನಗಳೊಳಗೆ ಕೊಡಬೇಕು. ಬಿಲ್ಲನ್ನೇ ಕೊಡದಿರುವುದೂ ಅದೇ ಪಟ್ಟಿಗೆ ಸೇರಿದ ತಪ್ಪು.

ಗಿರಾಕಿ ಕೇಳಿದ್ದೆಲ್ಲ ಸರಿಯೆ?

ಹಾಗೇನೂ ಇಲ್ಲ. ಸೀರೆಯ ಬಣ್ಣ ಮನೆಗೆ ಹೋದ ಮೇಲೆ ಹಿಡಿಸಲಿಲ್ಲ, ಪಕ್ಕದ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ಕಡಿಮೆ ಇತ್ತು ಎಂದೆಲ್ಲ ಬಂದವರಿಗೆ ಹಣ ವಾಪಸು ಕೊಡಬೇಕೆಂದು ಕಾಯ್ದೆ ಹೇಳುವುದಿಲ್ಲ. ಮೊಬೈಲಿನಲ್ಲಿ ತರಿಸಿದ್ದನ್ನು ಏಳು ದಿನದಲ್ಲಿ ಹಿಂದಿರುಗಿಸಿ ರೂಢಿಯಾದವರು ಇಲ್ಲೂ ಅದನ್ನೇ ಕೇಳುತ್ತಾರೆ. ಮನಸ್ಸು ಬದಲಾಯಿಸಿದವರಿಗೆ ಹಾಗೆ ಕೊಡುವುದು ಆ ಕಂಪನಿಗಳ ಧೋರಣೆಯೇ ಹೊರತು ಸಣ್ಣ ಅಂಗಡಿಗೆ ಹಾಕಿದ ಕಟ್ಟಳೆಯಲ್ಲ. ಕೊಟ್ಟರೆ ಅದು ವರ್ತಕನ ದೊಡ್ಡತನ. ಕೆಟ್ಟ ಮಾಲಿಗೂ ‘ದುಡ್ಡೇ ಬೇಕು’ ಎಂಬ ಹಟ ಸದಾ ನಡೆಯುವುದಿಲ್ಲ. ರಿಪೇರಿ, ಬದಲಿ ಮಾಲು, ಹಣ ವಾಪಸು, ಇವುಗಳಲ್ಲಿ ಯಾವುದನ್ನು ಬೇಕಾದರೂ ಆಯೋಗ ಆದೇಶಿಸಬಹುದು.

ಬೀಜದ ಮಾತು ಬೇರೆ. ಮೊಳೆಯದ ಬೀಜವನ್ನು ಕೌಂಟರಿನ ಮೇಲೆ ತಂದಿಡುವುದು ಹೇಗೆ? ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ರೈತನೂ ಗ್ರಾಹಕನೇ ಎಂದಿತು. ಪರೀಕ್ಷೆಗೆಂದು ಒಂದು ಹಿಡಿ ಬೀಜ ಉಳಿಸಿಕೊಳ್ಳಲಿಲ್ಲವೆಂದು ಅವನ ದೂರನ್ನು ತಳ್ಳುವಂತಿಲ್ಲ ಎಂದೂ ಹೇಳಿತು. ರೈತ ಜೋಪಾನ ಮಾಡಬೇಕಾದ್ದು ಬಿಲ್ಲು ಮತ್ತು ಖಾಲಿ ಪ್ಯಾಕೆಟ್ಟು.

ನಡುವೆ ಸಿಕ್ಕಿಬಿದ್ದ ವರ್ತಕ

ಅಂಗಡಿಯವರ ಅಳಲೂ ಸುಳ್ಳಲ್ಲ. ಮಾಲು ಮಾಡಿದ್ದು ಕಂಪನಿ, ತಂದುಕೊಟ್ಟದ್ದು ಸಗಟು ವ್ಯಾಪಾರಿ, ಬೈಸಿಕೊಳ್ಳುವವನು ಚಿಲ್ಲರೆ ವರ್ತಕ. ಗಿರಾಕಿ ಎರಡು ವರ್ಷದೊಳಗೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. 1915ಕ್ಕೆ ಫೋನು ಮಾಡಿ ಸಲಹೆ ಕೇಳಬಹುದು. ಆದರೆ ಅದೇ ಕೆಟ್ಟ ಮಿಕ್ಸಿಗಾಗಿ ಸಗಟು ವ್ಯಾಪಾರಿಯ ಮೇಲೆ ವರ್ತಕ ಅದೇ ಆಯೋಗಕ್ಕೆ ಹೋಗುವಂತಿಲ್ಲ. ಮತ್ತೆ ಮಾರಲೆಂದು ಕೊಂಡವನು ಕಾಯ್ದೆಯ ಕಣ್ಣಿಗೆ ಗ್ರಾಹಕನೇ ಅಲ್ಲ! ಮಾತಿಗೆ ಬಗ್ಗದಿದ್ದರೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಒಂದು ಮಿಕ್ಸಿಗೆ ಯಾರು ಹತ್ತುತ್ತಾರೆ?

ಆದ್ದರಿಂದ ಜಾಣತನ ಇರಬೇಕಾದ್ದು ಮಾಲು ಇಳಿಸಿಕೊಳ್ಳುವಾಗ. ವಾಪಸಿನ ಷರತ್ತು ಬರೆದುಕೊಡದ ಸಗಟು ವ್ಯಾಪಾರಿಯಿಂದ ಮಾಲು ತುಂಬಿಸಿಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು. ಖರೀದಿ ಬಿಲ್ಲುಗಳನ್ನು ಜೋಪಾನವಾಗಿಡಬೇಕು. ಗಿರಾಕಿಯ ಎದುರೇ ಮಾಲನ್ನು ಬಿಚ್ಚಿ, ಓಡಿಸಿ ತೋರಿಸಬೇಕು. ದೂರು ಬಂದರೆ ಬರೆದುಕೊಂಡು ಅಂದೇ ಕಂಪನಿಗೆ ತಿಳಿಸಬೇಕು.

ಗಿರಾಕಿಯೂ ಅಷ್ಟೆ. ‘ಬಿಲ್ ಬೇಡ, ಹತ್ತು ರೂಪಾಯಿ ಬಿಡಿ’ ಎಂದು ಹೋದವನು ನಾಳೆ ಯಾವ ಕಾಗದ ತೋರಿಸಿಯಾನು? ಗೋಡೆಯ ಬೋರ್ಡು ಇಬ್ಬರನ್ನೂ ಕಾಯುವುದಿಲ್ಲ. ಕಾಯುವುದಾದರೆ ಆ ಒಂದು ಚೀಟಿ ಬಿಲ್ಲು.