ಯುದ್ಧದ ಆಕಾಶದಲ್ಲಿ ಯಾತ್ರಿಕರು

ಪುತ್ತೂರು, ಸುಳ್ಯ, ಕಡಬಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೊರಟವನು ಮಂಗಳೂರಿನಲ್ಲಿ ವಿಮಾನವೇರುತ್ತಾನೆ. ಟಿಕೇಟಿನಲ್ಲಿ ದರವಿದೆ, ವೇಳೆಯಿದೆ. ಯಾವ ರಣರಂಗದ ಮೇಲೆ ಹಾರುವುದೆಂಬುದು ಮಾತ್ರ ಇಲ್ಲ. ಅದೇ ಕೊಲ್ಲಿಯ ಮೇಲೆ, 1988ರ ಜುಲೈ 3ರಂದು, ದುಬೈಗೆ ಹೊರಟಿದ್ದ ಇರಾನಿನ ವಿಮಾನವನ್ನು ಅಮೆರಿಕದ ಯುದ್ಧನೌಕೆ ಹೊಡೆದುರುಳಿಸಿತು. 290 ಜನ ಮಡಿದರು. ಜಗತ್ತು ಪಾಠ ಕಲಿಯಿತೆ?

2014ರ ಜುಲೈನಲ್ಲಿ, ಸೈನಿಕ ವಿಮಾನವೊಂದು ಉರುಳಿದ ಮೇಲೆ, ಉಕ್ರೇನು 32,000 ಅಡಿಯ ಕೆಳಗಿನ ಆಕಾಶವನ್ನಷ್ಟೇ ಮುಚ್ಚಿತು. ಮೂರು ದಿನಗಳ ಬಳಿಕ 33,000 ಅಡಿಯಲ್ಲಿದ್ದ ಮಲೇಷ್ಯಾದ ವಿಮಾನವನ್ನು ಕ್ಷಿಪಣಿ ಸೀಳಿತು, ಸತ್ತವರು 298. ಕ್ಷಿಪಣಿಗೆ ಸಾವಿರ ಅಡಿಯ ಲೆಕ್ಕವುಂಟೆ!

ಇದನ್ನು ವಿಧಿಯೆನ್ನುವುದು ಆತ್ಮವಂಚನೆ. ಕೊಂದವನದು ಹಿಂಸೆಯಾದರೆ, ಅಪಾಯವನ್ನರಿತೂ ಆಕಾಶ ತೆರೆದಿಡುವವರದು, ಇಂಧನದ ಉಳಿತಾಯಕ್ಕೆ ನೇರದಾರಿ ಹಿಡಿಯುವವರದು ಪ್ರಮಾದ; ಅದೇ ಹಿಂಸೆಯ ಮೂಲ. ಹಾರುವ ದಾರಿಯನ್ನು ಟಿಕೇಟಿನಲ್ಲಿ ಮುದ್ರಿಸಲಿ. ಒಲ್ಲದವನಿಗೆ ಹಣ ಹಿಂದಿರುಗಿಸಲಿ.